ಕಣಜ ಭದ್ರ, ಬೀಗದಕೈ ಎಲ್ಲಿ?

ಮನೆಯಲ್ಲೇ ಒಂದು ಸ್ಟೋರೇಜ್ ಸರ್ವರ್ ಇಟ್ಟುಕೊಳ್ಳೋ ಖಯಾಲಿ ಈಗ ನಮ್ಮವರಲ್ಲೂ ಹಬ್ಬಿದೆ. ಒಂದು ಹಳೇ ಡೆಸ್ಕ್‌ಟಾಪು, ಎರಡೋ ನಾಲ್ಕೋ ದೊಡ್ಡ ಹಾರ್ಡ್ ಡಿಸ್ಕು, ಮೇಲೆ ಟ್ರೂನ್ಯಾಸೋ ಓಪನ್ ಮೀಡಿಯಾ ವಾಲ್ಟೋ ಹಾಕಿಬಿಟ್ಟರೆ ಆಯ್ತು. ಮಕ್ಕಳ ನಾಮಕರಣದ ವಿಡಿಯೋ, ಕ್ಯಾಸೆಟ್‌ನಿಂದ ಎಂಪಿ3ಗೆ ಇಳಿಸಿದ ಅಜ್ಜಿಯ ಸಂಪ್ರದಾಯದ ಹಾಡುಗಳು, ಮಾರಿಹೋದ ಊರಮನೆಯ ಫೋಟೋಗಳು ಎಲ್ಲ ಅದರಲ್ಲೇ. ಮುಂಬಯಿಯಲ್ಲಿ ಬೇರು ಬಿಟ್ಟ ನಮ್ಮಂಥವರಿಗೆ ಎಷ್ಟೋ ಸಲ ಊರು ಅಂತ ಉಳಿದಿರೋದೇ ಅಷ್ಟು.

ಇಂಥ ಪೆಟ್ಟಿಗೆ ಇಟ್ಟುಕೊಂಡ ಯಾರನ್ನಾದರೂ ಕೇಳಿ ನೋಡಿ, ಬ್ಯಾಕಪ್ ಇದೆಯಾ ಅಂತ. "ರೇಡ್ ಹಾಕಿದ್ದೀನಲ್ಲ ಸಾರ್, ಒಂದು ಡಿಸ್ಕ್ ಹೋದ್ರೂ ಚಿಂತೆ ಇಲ್ಲ" ಅಂತಾರೆ. ಸರಿ, ಆ ಸಿಸ್ಟಮ್ ಇರೋ ಪುಟ್ಟ ಬೂಟ್ ಡ್ರೈವ್? "ಅಯ್ಯೋ ಅದೇನು ಬಿಡಿ, ಅರ್ಧ ಗಂಟೇಲಿ ಮತ್ತೆ ಇನ್‌ಸ್ಟಾಲ್ ಮಾಡಿದ್ರಾಯ್ತು!" ನನ್ನ ತಕರಾರು ಇರೋದು ಈ ಕೊನೇ ಮಾತಿನ ಮೇಲೆ.

ಆ ಮಾತು ಪೂರ್ತಿ ಸುಳ್ಳೇನಲ್ಲ. ಟ್ರೂನ್ಯಾಸ್ ಬಳಸೋ ಜೆಡ್‌ಎಫ್‌ಎಸ್ ತನ್ನ ಜಾತಕವನ್ನೆಲ್ಲ ಡೇಟಾ ಡಿಸ್ಕ್‌ಗಳ ಮೇಲೇ ಬರೆದಿಟ್ಟಿರುತ್ತೆ. ಹೊಸದಾಗಿ ಸಿಸ್ಟಮ್ ಹಾಕಿ, ಪೂಲ್ ಇಂಪೋರ್ಟ್ ಅಂದರೆ ಕಡತಗಳು ಇದ್ದ ಹಾಗೇ ಕಾಣಿಸುತ್ತವೆ. ಡಿಸ್ಕ್‌ಗಳ ಕೇಬಲ್ ಅದಲುಬದಲಾಗಿದ್ದರೂ ಪರವಾಗಿಲ್ಲ. ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್ ಕೂಡ ಬಹುಮಟ್ಟಿಗೆ ಹೀಗೇ.

ಆದರೆ ವಾಪಸ್ ಬರದೇ ಇರೋದನ್ನೂ ಲೆಕ್ಕ ಹಾಕಿ. ಯಾವ ಫೋಲ್ಡರ್ ಯಾವ ಹೆಸರಲ್ಲಿ ಮನೆಮಂದಿಗೆ ಕಾಣಬೇಕು, ರಾತ್ರಿ ಎಷ್ಟು ಹೊತ್ತಿಗೆ ಯಾವ ಕೆಲಸ ನಡೀಬೇಕು, ಡಿಸ್ಕ್ ಕೆಮ್ಮಿದರೆ ಮೇಲ್ ಯಾರಿಗೆ ಹೋಗಬೇಕು... ಇವೆಲ್ಲ ಇರೋದು ಬೂಟ್ ಡ್ರೈವ್‌ನಲ್ಲಿ. ಇನ್‌ಸ್ಟಾಲ್‌ಗೆ ಅರ್ಧ ಗಂಟೆ ಸಾಕು. ನಾಲ್ಕು ವರ್ಷದಲ್ಲಿ ಒಂದೊಂದಾಗಿ ಮಾಡಿದ ಈ ಏರ್ಪಾಡನ್ನು ನೆನಪಿನಿಂದ ಮತ್ತೆ ಕಟ್ಟೋದಕ್ಕೆ ಎಷ್ಟು ಭಾನುವಾರ ಬೇಕು, ನೀವೇ ಹೇಳಿ.

ಅದಾದರೂ ಬರೀ ಬೇಸರದ ಕೆಲಸ. ನಿಜವಾದ ಅಪಾಯ ಎನ್‌ಕ್ರಿಪ್ಷನ್‌ನದ್ದು. ಟ್ರೂನ್ಯಾಸ್‌ನಲ್ಲಿ ಪಾಸ್‌ಫ್ರೇಸ್ ಬದಲು ಕೀ ಆಯ್ದುಕೊಂಡರೆ, ಸರ್ವರ್ ಶುರುವಾದಾಗ ತಾನೇ ಬೀಗ ತೆರೆಯಲಿ ಅಂತ ಆ ಕೀ ಬೂಟ್ ಡ್ರೈವ್‌ನಲ್ಲೇ ಕೂತಿರುತ್ತೆ. ಕೀ ಕಡತವನ್ನು ಬೇರೆ ಕಡೆ ಇಳಿಸಿಟ್ಟಿಲ್ಲ, ಕಾನ್ಫಿಗರೇಷನ್‌ನ ನಕಲೂ ಇಲ್ಲ, ಅಷ್ಟರಲ್ಲಿ ಆ ಪುಟ್ಟ ಎಸ್‌ಎಸ್‌ಡಿ ಕೆಟ್ಟಿತು ಅಂದುಕೊಳ್ಳಿ. ದೊಡ್ಡ ಡಿಸ್ಕ್‌ಗಳೆಲ್ಲ ಗುಂಡುಕಲ್ಲಿನ ಹಾಗೆ ಗಟ್ಟಿಯಾಗಿರುತ್ತವೆ, ಆದರೆ ಅಜ್ಜಿಯ ಹಾಡು ಮಾತ್ರ ಇನ್ನು ಯಾರಿಗೂ ಕೇಳಿಸೋದಿಲ್ಲ. ಸಾಫ್ಟ್‌ವೇರ್ ಬರೆದವರೇ ಬಂದರೂ ತೆರೆಯೋದಕ್ಕೆ ಆಗೋದಿಲ್ಲ. ಕಣಜ ತುಂಬಿದೆ, ಬೀಗದಕೈ ಇಲ್ಲ.

ಅನ್‌ರೇಡ್ ಬಳಸೋರದ್ದು ಇನ್ನೊಂದು ಥರ. ಹೆಚ್ಚಿನವರ ಮನೆಯಲ್ಲಿ ಅದು ಪೆನ್ ಡ್ರೈವ್‌ನಿಂದ ಶುರುವಾಗುತ್ತೆ, ಸೆಟ್ಟಿಂಗ್ಸ್ ಎಲ್ಲ ಅದರ ಕಾನ್ಫಿಗ್ ಫೋಲ್ಡರ್‌ನಲ್ಲಿ. ಯಾವ ಡಿಸ್ಕ್ ಡೇಟಾದ್ದು, ಯಾವುದು ಪ್ಯಾರಿಟಿಯದು ಅನ್ನೋ ಪಟ್ಟಿಯೂ ಅಲ್ಲೇ. ಪೆನ್ ಡ್ರೈವ್ ಹೋಗಿ, ಅಂದಾಜಿನ ಮೇಲೆ ಡೇಟಾ ಡಿಸ್ಕ್ ಒಂದನ್ನು ಪ್ಯಾರಿಟಿ ಜಾಗಕ್ಕೆ ಕೂರಿಸಿ ಶುರುಮಾಡಿದರೆ ಅದರ ಮೇಲೆ ಹೊಸ ಬರಹ ಬಿತ್ತು ಅಂತಲೇ ಅರ್ಥ.

ಹಾಗಾದರೆ ನಕಲು ತೆಗೆಯೋದು ಹೇಗೆ? ಎರಡು ದಾರಿ. ಒಂದು, ಸೆಟ್ಟಿಂಗ್ಸ್ ಕಡತವನ್ನಷ್ಟೇ ಇಳಿಸಿಕೊಳ್ಳೋದು. ಟ್ರೂನ್ಯಾಸ್‌ನಲ್ಲಿ ಇದು ಚಿಕ್ಕ ಕಡತ. ಇಳಿಸೋವಾಗ "ಸೀಕ್ರೆಟ್ ಸೀಡ್" ಅನ್ನೋ ಜಾಗಕ್ಕೆ ಟಿಕ್ ಹಾಕೋದು ಮುಖ್ಯ, ಅದಿಲ್ಲದಿದ್ದರೆ ಹೊಸ ಡ್ರೈವ್‌ನಲ್ಲಿ ಒಳಗಿನ ಗುಪ್ತ ಪದಗಳು ಬಿಚ್ಚಿಕೊಳ್ಳೋದಿಲ್ಲ. ಎರಡು, ಸರ್ವರ್ ನಿಲ್ಲಿಸಿ ಕ್ಲೋನ್‌ಜಿಲ್ಲಾದಂಥದರಿಂದ ಇಡೀ ಡ್ರೈವ್‌ನ ಪಡಿಯಚ್ಚು ತೆಗೆಯೋದು. ಡೆಬಿಯನ್ ಮೇಲೆ ನಿಂತಿರೋ ಓಪನ್ ಮೀಡಿಯಾ ವಾಲ್ಟ್‌ಗೆ ಈ ದಾರಿ ಒಗ್ಗುತ್ತೆ. ಅದರಲ್ಲೂ ಕೊಕ್ಕೆಗಳಿವೆ. ಹೊಸ ಡ್ರೈವ್ ಹಳೇದಕ್ಕಿಂತ ಒಂದಿಷ್ಟೇ ಚಿಕ್ಕದಾದರೂ ಸಾಮಾನ್ಯವಾಗಿ ರಿಸ್ಟೋರ್ ಒಪ್ಪೋದಿಲ್ಲ, ಬೇರೆ ಬೇರೆ ಕಂಪನಿಯ "120 ಜಿಬಿ"ಗಳ ಅಳತೆ ಒಂದೇ ಇರಬೇಕು ಅಂತೇನಿಲ್ಲ. ಅಸಲು ಮತ್ತು ನಕಲು ಎರಡನ್ನೂ ಒಟ್ಟಿಗೆ ಸಿಕ್ಕಿಸಿಟ್ಟರೆ ಎರಡಕ್ಕೂ ಒಂದೇ ಯುಯುಐಡಿ ಇರೋದರಿಂದ ಯಾವುದು ಯಾವುದು ಅಂತ ಸಿಸ್ಟಮ್ ಕಕ್ಕಾಬಿಕ್ಕಿ.

ಇನ್ನು ನಕಲನ್ನು ಇಡೋ ಜಾಗ. ಅನೇಕರು ಅದನ್ನು ಅದೇ ಸರ್ವರ್‌ನ ದೊಡ್ಡ ಡಿಸ್ಕ್ ಮೇಲೇ ಇಡ್ತಾರೆ. ತಿಜೋರಿಯ ಕೀಲಿಯನ್ನು ತಿಜೋರಿಯೊಳಗಿಟ್ಟು ಬಾಗಿಲು ಎಳೆದುಕೊಂಡ ಹಾಗಾಯ್ತು! ಒಂದು ಪೆನ್ ಡ್ರೈವ್ ಬೀರುವಿನಲ್ಲಿ, ಇನ್ನೊಂದು ಊರಲ್ಲಿರೋ ತಮ್ಮನ ಮನೆಯಲ್ಲಿ ಇರಲಿ. ಆ ಕಡತದಲ್ಲಿ ಗುಟ್ಟುಗಳಿರೋದರಿಂದ ಮೇಲ್‌ನಲ್ಲಿ ಬಿಚ್ಚಾಗಿ ಕಳಿಸೋದು ಬೇಡ.

"ಬೂಟ್ ಡ್ರೈವ್‌ಗೂ ಎರಡು ಎಸ್‌ಎಸ್‌ಡಿ ಹಾಕಿ ಮಿರರ್ ಮಾಡಿದ್ರೆ ಆಗಲ್ವಾ ರಾಯರೇ?" ಅಂತ ಕನ್ನಡ ಸಂಘದ ಗೆಳೆಯರೊಬ್ಬರು ಕೇಳಿದರು. ಒಳ್ಳೇದೇ. ಒಂದು ಡ್ರೈವ್ ಸತ್ತರೆ ಇನ್ನೊಂದು ಎಳೆಯುತ್ತೆ. ಆದರೆ ನೀವು ತಪ್ಪಾಗಿ ಒಂದು ಸೆಟ್ಟಿಂಗ್ ಅಳಿಸಿದರೆ ಎರಡರಲ್ಲೂ ಅದೇ ಕ್ಷಣ ಅಳಿಯುತ್ತೆ. ಪವರ್ ಸಪ್ಲೈ ಕೆಟ್ಟು ಒಂದೇ ಏಟಿಗೆ ಎರಡನ್ನೂ ಸುಡಲೂಬಹುದು.

ಈಗ ನನ್ನ ಮುಖ್ಯ ಮಾತು. ಇಷ್ಟೆಲ್ಲ ಮಾಡಿದ ಮೇಲೂ, ಒಂದು ಸಲ ವಾಪಸ್ ಹಾಕಿ ನೋಡದ ನಕಲನ್ನು ಬ್ಯಾಕಪ್ ಅಂತ ಕರೆಯೋದಕ್ಕೆ ನಾನು ಒಪ್ಪೋದಿಲ್ಲ. ಅದು ಬರೀ ಒಂದು ಕಡತ. ಸೀಡ್ ಟಿಕ್ ಆಗಿತ್ತೋ ಇಲ್ಲವೋ, ಪೆನ್ ಡ್ರೈವ್ ಓದುತ್ತೋ ಇಲ್ಲವೋ ಗೊತ್ತಾಗೋದು ರಿಸ್ಟೋರ್ ದಿನವೇ. ಆ ದಿನ ಯಾವತ್ತು ಬರಬೇಕು ಅಂತ ಡ್ರೈವ್ ತೀರ್ಮಾನ ಮಾಡೋದಕ್ಕಿಂತ ನಾವೇ ಮಾಡೋದು ವಾಸಿ ಅಲ್ಲವೇ?

ನಾನು ವರ್ಷಕ್ಕೊಮ್ಮೆ ಮಾಡೋ ರೀತಿ ಹೇಳ್ತೀನಿ. ಲ್ಯಾಮಿಂಗ್ಟನ್ ರೋಡಿನಿಂದ ತಂದ ಅಗ್ಗದ ಎಸ್‌ಎಸ್‌ಡಿ ಒಂದು ಇದಕ್ಕೇ ಮೀಸಲು. ಮೊದಲು ಹೊಸ ನಕಲು, ಕೀ ಕಡತ ಎರಡೂ ಕೈಯಲ್ಲಿವೆಯಾ ಅಂತ ನೋಡಿಕೊಳ್ತೀನಿ. ಸರ್ವರ್ ನಿಲ್ಲಿಸಿ, ಚೆನ್ನಾಗಿ ಓಡ್ತಿರೋ ಬೂಟ್ ಡ್ರೈವ್ ಬಿಚ್ಚಿ, ಚೀಟಿ ಅಂಟಿಸಿ ಡ್ರಾಯರ್‌ಗೆ ಹಾಕ್ತೀನಿ. ಡೇಟಾ ಡಿಸ್ಕ್‌ಗಳ ಕೇಬಲ್‌ಗಳನ್ನೂ ಕಳಚ್ತೀನಿ, ಯಾವ ಡಿಸ್ಕ್ ಅಳಿಸಲಿ ಅಂತ ಇನ್‌ಸ್ಟಾಲರ್ ಕೇಳಿದಾಗ ಕೈ ತಪ್ಪೋದಕ್ಕೆ ಅವಕಾಶವೇ ಇರಬಾರದು. ಆಮೇಲೆ ಟ್ರೂನ್ಯಾಸ್‌ನ ಅದೇ ಆವೃತ್ತಿಯನ್ನು ಹೊಸ ಎಸ್‌ಎಸ್‌ಡಿಗೆ ಹಾಕಿ, ನಿಲ್ಲಿಸಿ, ಡಿಸ್ಕ್‌ಗಳನ್ನು ಜೋಡಿಸಿ, ಸೆಟ್ಟಿಂಗ್ಸ್ ಕಡತ ಏರಿಸ್ತೀನಿ. ಪೂಲ್ ಅಪ್‌ಗ್ರೇಡ್ ಮಾಡು ಅಂತ ಅದು ಸೂಚಿಸಿದರೆ ಆವತ್ತು ಅದನ್ನು ಮುಟ್ಟೋದಿಲ್ಲ. ಹಳೇ ಡ್ರೈವ್‌ಗೆ ಮರಳೋ ದಾರಿ ತೆರೆದೇ ಇರಬೇಕು.

ಕೊನೇ ಪರೀಕ್ಷೆ ನನ್ನದಲ್ಲ, ಮನೆಯವಳದ್ದು. ಅವಳ ಫೋನಿನಿಂದ ಅಜ್ಜಿಯ ಹಾಡು ತೆರೆದುಕೊಂಡರೆ ಪಾಸು. ಈ ಹಂತಗಳನ್ನೆಲ್ಲ ಕನ್ನಡದಲ್ಲೇ ಒಂದು ಹಾಳೆಯಲ್ಲಿ ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿದ್ದೀನಿ. ಇಂಥ ಪೆಟ್ಟಿಗೆಗಳಿರೋ ಮನೆಗಳಲ್ಲಿ ಅದರ ಮರ್ಮ ಗೊತ್ತಿರೋರು ಸಾಮಾನ್ಯವಾಗಿ ಒಬ್ಬರೇ. ಆ ಒಬ್ಬರು ಆಸ್ಪತ್ರೆಯಲ್ಲಿ ಮಲಗಿದ್ದರೆ? ಡ್ರೈವ್‌ಗೆ ಅದೆಲ್ಲ ಗೊತ್ತಾಗೋದಿಲ್ಲ. ಮಗಳು ಆ ಹಾಳೆ ನೋಡಿಕೊಂಡು ಒಮ್ಮೆ ತಾನೇ ಪೂರ್ತಿ ಮಾಡಿ ಮುಗಿಸಿದಳು. ಅವಳು ತಡವರಿಸಿದ ಕಡೆಯೆಲ್ಲ ಇನ್ನೊಂದೊಂದು ಸಾಲು ಸೇರಿಸಿದೆ.

ಇದಕ್ಕೆ ಒಳ್ಳೇ ಮುಹೂರ್ತ ಅಂದರೆ ಆಯುಧಪೂಜೆ. ಹೇಗೂ ಆವತ್ತು ಯಂತ್ರಗಳಿಗೆ ರಜೆ ಕೊಟ್ಟು, ಧೂಳು ಒರೆಸಿ, ಅರಿಶಿನ ಕುಂಕುಮ ಹಚ್ಚೋದು ನಮ್ಮ ಪದ್ಧತಿ. ಈ ಸಲ ಸರ್ವರ್‌ಗೆ ಹೂವು ಏರಿಸೋ ಮೊದಲು ಅದರ ಬೂಟ್ ಡ್ರೈವ್ ಬಿಚ್ಚಿ ಡ್ರಾಯರ್‌ಗೆ ಹಾಕಿ. ನಕಲಿನಿಂದ ಸರ್ವರ್ ಮತ್ತೆ ಎದ್ದು ನಿಂತಿತು ಅಂದರೆ ಆಮೇಲೆ ಧಾರಾಳವಾಗಿ ಮಂಗಳಾರತಿ ಮಾಡಿ!