ಗೇರುಪೆಟ್ಟಿಗೆಯ ಎಣ್ಣೆ ಸೋರಿಕೆ

ಹಳೆಯ ಮೋಟಾರು ಗಾಡಿಯನ್ನು ಮನೆಯಲ್ಲಿಟ್ಟು ಸಾಕುವವರಿಗೆ ನೆಲದ ಮೇಲಿನ ಎಣ್ಣೆಯ ಕಲೆಯು ಚಿರಪರಿಚಿತವಾದುದು. ಬ್ರಿಟಿಷ್ ಗಾಡಿಯಿಂದ ಎಣ್ಣೆ ಸೋರದಿದ್ದರೆ ಅದರೊಳಗೆ ಎಣ್ಣೆಯೇ ಇಲ್ಲವೆಂದು ತಿಳಿಯಬೇಕು ಎಂಬ ಹಾಸ್ಯೋಕ್ತಿಯೊಂದು ಇಂಗ್ಲೆಂಡಿನಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ. ನಗುವುದಕ್ಕೆ ಅದು ಚೆನ್ನು. ಆದರೆ ಆ ಮಾತನ್ನೇ ನಂಬಿ, ಸೋರುವುದು ಗಾಡಿಯ ಹುಟ್ಟುಗುಣವೆಂದು ಸುಮ್ಮನಾಗುವವರು ಮುಂದೆ ದೊಡ್ಡ ದಂಡವನ್ನು ತೆರಬೇಕಾಗುವುದು. ಈ ತಿಂಗಳು ನಾವು ಮಿನಿ ಎಂಬ ಪುಟ್ಟ ಕಾರಿನ ವಿಷಯವನ್ನು ತೆಗೆದುಕೊಂಡಿದ್ದೇವೆ. ಏಕೆಂದರೆ, ಬೇರೆ ಗಾಡಿಗಳಲ್ಲಿ ಗೇರುಪೆಟ್ಟಿಗೆಯೊಂದಕ್ಕೇ ತಟ್ಟುವ ಸೋರಿಕೆಯು ಇದರಲ್ಲಿ ಎಂಜಿನಿನ ಪ್ರಾಣಕ್ಕೂ ಬರುತ್ತದೆ.

ಹೀಗಾಗುವುದಕ್ಕೆ ಕಾರಣವು ಗಾಡಿಯ ಹುಟ್ಟಿನಲ್ಲಿಯೇ ಇದೆ. 1956ರಲ್ಲಿ ಸೂಯೆಜ್ ಕಾಲುವೆಯ ಕಲಹವೆದ್ದು ಬ್ರಿಟನ್ನಿನಲ್ಲಿ ಪೆಟ್ರೋಲಿಗೆ ಪಡಿತರದ ಕಟ್ಟಳೆ ಬಂದಿತು. ಆಗ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಮುಖ್ಯಸ್ಥರಾಗಿದ್ದ ಲಿಯೊನಾರ್ಡ್ ಲಾರ್ಡರು, ಮಿತವಾಗಿ ಪೆಟ್ರೋಲು ಕುಡಿಯುವ ಸಣ್ಣ ಕಾರೊಂದನ್ನು ರಚಿಸುವ ಕೆಲಸವನ್ನು ಅಲೆಕ್ ಇಸಿಗೋನಿಸರಿಗೆ ಒಪ್ಪಿಸಿದರು. ಸ್ಮಿರ್ನಾ ಪಟ್ಟಣದಲ್ಲಿ 1906ರಲ್ಲಿ ಜನಿಸಿದ ಈ ಯಂತ್ರಶಿಲ್ಪಿಯು ಕೇವಲ 10 ಅಡಿ ಉದ್ದದಲ್ಲಿ ನಾಲ್ವರು ಕುಳಿತುಕೊಳ್ಳುವಂತೆ ಮಾಡಬೇಕಾಗಿತ್ತು. ಆದುದರಿಂದ ಆತನು ಎಂಜಿನನ್ನು ಅಡ್ಡಲಾಗಿ ತಿರುಗಿಸಿಟ್ಟು, ಅಡುಗೆಮನೆಯಲ್ಲಿ ಸ್ಥಳ ಸಾಲದ ಗೃಹಿಣಿಯು ಒಲೆಯ ಕಟ್ಟೆಯಡಿಯಲ್ಲಿಯೇ ಸೌದೆಯನ್ನು ಅಡಕಿಡುವಂತೆ, ಗೇರುಪೆಟ್ಟಿಗೆಯನ್ನು ಎಂಜಿನಿನ ಕೆಳಗೆ ಎಣ್ಣೆಯ ತೊಟ್ಟಿಯೊಳಗೆ ಸೇರಿಸಿದನು. 1959ರ ಆಗಸ್ಟ್ 26ರಂದು ಲೋಕಕ್ಕೆ ತೋರಿಸಲ್ಪಟ್ಟ ಈ ಗಾಡಿಯು 2000ದ ವರೆಗೂ ತಯಾರಾಯಿತು; ಒಟ್ಟು ಸಂಖ್ಯೆ 53 ಲಕ್ಷವನ್ನು ಮೀರಿತು.

ಜಾಣತನವು ಮೆಚ್ಚತಕ್ಕದ್ದೇ. ಆದರೆ ಅತ್ತೆಸೊಸೆಯರಿಬ್ಬರಿಗೂ ಒಂದೇ ಬಾವಿ ಎಂಬಂತೆ, ಎಂಜಿನು, ಗೇರುಗಳು, ಚಕ್ರಗಳಿಗೆ ಬಲವನ್ನು ಹಂಚುವ ಡಿಫರೆನ್ಷಿಯಲ್ ಇವು ಮೂರಕ್ಕೂ ಸುಮಾರು 5 ಲೀಟರು ಎಣ್ಣೆಯೊಂದೇ ಗತಿಯಾಯಿತು. ಗೇರಿನ ಹಲ್ಲುಗಳು ಈ ಎಣ್ಣೆಯನ್ನು ಸದಾ ಅರೆಯುವುದರಿಂದ ಅದು ಬೇಗ ತೆಳುವಾಗುತ್ತದೆ. ಇತರ ಗಾಡಿಗಳಿಗಿಂತ ಬೇಗಬೇಗನೆ ಬದಲಿಸುವುದು ಇದಕ್ಕಾಗಿಯೇ. ತೆಳುವಾದ ಎಣ್ಣೆಯು ಸೋರಿ ಕಡಿಮೆಯೂ ಆದರೆ, ತಿರುವಿನಲ್ಲಿ ವೇಗವಾಗಿ ಹೊರಳುವಾಗ ಪಂಪು ಎಣ್ಣೆಯ ಬದಲು ಗಾಳಿಯನ್ನು ಹೀರುವ ಸಂಭವವುಂಟು. ಕ್ಷಣಮಾತ್ರದ ಆ ಒಣಗುವಿಕೆಯೇ ಬೇರಿಂಗುಗಳಿಗೆ ಮೃತ್ಯು. ಹೊರಗೆ ಹನಿಯುವುದು ಗೇರುಪೆಟ್ಟಿಗೆಯಾದರೂ ಒಳಗೆ ಸಾಯುವುದು ಎಂಜಿನು.

ಆದುದರಿಂದ ಮೊದಲು ಎಣ್ಣೆಯು ಹುಟ್ಟುವ ಸ್ಥಳವನ್ನು ಹುಡುಕತಕ್ಕದ್ದು. ಹನಿ ಬೀಳುವ ಸ್ಥಳವನ್ನೇ ಹುಟ್ಟುವ ಸ್ಥಳವೆಂದು ತಿಳಿಯುವುದು ಬಹುಜನರ ಭ್ರಮೆ. ಗಾಡಿ ಓಡುವಾಗ ಗಾಳಿಯು ಎಣ್ಣೆಯನ್ನು ಹಿಂದಕ್ಕೆ ತಳ್ಳುತ್ತದೆ. ಮೇಲಿನ ಮುಚ್ಚಳದ ಸಂದಿನಿಂದ ಜಿನುಗಿದ್ದು ಎಂಜಿನಿನ ಮೈಯುದ್ದಕ್ಕೂ ಇಳಿದು ಗೇರುಪೆಟ್ಟಿಗೆಯ ತುದಿಯಲ್ಲಿ ತೊಟ್ಟಿಕ್ಕುತ್ತದೆ. ನಿರಪರಾಧಿಯಾದ ಗೇರುಪೆಟ್ಟಿಗೆಯ ಮೇಲೆ ಹೀಗೆ ಎಷ್ಟೋ ಸಲ ಅಪವಾದ ಬಂದಿದೆ. ಅಡಿಭಾಗದ ಜಿಡ್ಡನ್ನು ಸೀಮೆಎಣ್ಣೆಯಿಂದ ಚೆನ್ನಾಗಿ ತೊಳೆದು, ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಮುಖಕ್ಕೆ ಹಚ್ಚುವ ಪೌಡರನ್ನು ಅನುಮಾನದ ಸಂದುಗಳಿಗೆ ತೆಳುವಾಗಿ ಉದುರಿಸಬೇಕು. ನಾಲ್ಕಾರು ಮೈಲಿ ಓಡಿಸಿ ಬಂದು ದೀಪ ಹಿಡಿದು ನೋಡಿದರೆ ಬಿಳಿಯ ಪುಡಿಯಲ್ಲಿ ಎಣ್ಣೆಯ ಜಾಡು ತಾನಾಗಿಯೇ ಕಾಣಿಸುತ್ತದೆ. ರಾತ್ರಿ ಗಾಡಿಯಡಿಯಲ್ಲಿ ಬಿಳಿಯ ರಟ್ಟೊಂದನ್ನು ಹಾಸಿ ಚಕ್ರಗಳ ಸ್ಥಾನವನ್ನು ಅದರ ಮೇಲೆ ಗುರುತಿಸಿಟ್ಟರೆ ಇನ್ನೂ ಒಳ್ಳೆಯದು.

ಹೀಗೆ ನೋಡಿದಾಗ, ಸುಮಾರು 1973ರಿಂದ ಈಚಿನ ಮಿನಿಗಳಲ್ಲಿ, ಬಹುಮಟ್ಟಿಗೆ ಸಿಕ್ಕಿಬೀಳುವ ಅಪರಾಧಿಯೊಂದಿದೆ. ಎಂಜಿನಿನ ಹಿಂಬದಿಯಲ್ಲಿ, ಡಿಫರೆನ್ಷಿಯಲ್ಲಿನ ಕವಚದ ಕೆಳಭಾಗದಿಂದ, ಗೇರು ಬದಲಿಸುವ ಉಕ್ಕಿನ ಕಂಬಿಯು ಹೊರಕ್ಕೆ ಬರುತ್ತದೆ. ಅದು ಹಿಂದಕ್ಕೂ ಮುಂದಕ್ಕೂ ಸರಿಯುತ್ತದೆ, ತಿರುಗಲೂ ತಿರುಗುತ್ತದೆ. ಅದರ ಸುತ್ತ ಎಣ್ಣೆಯನ್ನು ತಡೆಯುವುದಕ್ಕೆ ಇರುವುದು ಉಂಗುರದಷ್ಟಿರುವ ರಬ್ಬರಿನ ಸೀಲು ಒಂದೇ. ಕಾಲವೂ ಶಾಖವೂ ಸೇರಿ ಈ ರಬ್ಬರನ್ನು ಗಟ್ಟಿಮಾಡುತ್ತವೆ. ಅಷ್ಟರಲ್ಲಿ ತುಟಿ ಸವೆದು ಎಣ್ಣೆ ಹೊರಡುತ್ತದೆ. ಸೀಲಿನ ಬೆಲೆ ಅತ್ಯಲ್ಪ. ಅದನ್ನು ಮುಟ್ಟುವುದೇ ಪ್ರಯಾಸ.

ಇಲ್ಲಿ ಒಂದು ಮಾತನ್ನು ಕಠಿಣವಾಗಿಯೇ ಹೇಳಬೇಕಾಗಿದೆ. ಗಾಡಿಯನ್ನು ಬರಿಯ ಜಾಕಿಯ ಮೇಲೆತ್ತಿ ಅದರಡಿಗೆ ನುಸುಳುವುದನ್ನು ನಾವು ಸರ್ವಥಾ ಒಪ್ಪಲಾರೆವು. ಜಾಕಿಯು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಗಟ್ಟಿನೆಲದ ಮೇಲೆ ಹಿಂಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಮುಂಭಾಗವನ್ನು ಉಕ್ಕಿನ ಊರುಗಾಲುಗಳ ಮೇಲೆ ಕೂರಿಸಿ, ಅಲುಗಾಡಿಸಿ ನೋಡಿ, ಆಮೇಲೆ ಅಡಿಗೆ ಹೋಗತಕ್ಕದ್ದು. ಇಟ್ಟಿಗೆಗಳನ್ನು ಪೇರಿಸುವ ಪದ್ಧತಿಯಂತೂ ಬೇಡವೇ ಬೇಡ. ಇಟ್ಟಿಗೆಯು ಮುನ್ಸೂಚನೆ ಕೊಡದೆ ಒಡೆಯುತ್ತದೆ. ಹೊಗೆಕೊಳವೆಯು ಹತ್ತಿರದಲ್ಲಿಯೇ ಹಾದುಹೋಗುವುದರಿಂದ ಎಂಜಿನು ಪೂರ್ಣವಾಗಿ ತಣ್ಣಗಾಗಿರಬೇಕು.

ಎಣ್ಣೆ ಬದಲಿಸುವ ಅವಧಿಗೇ ಈ ಕೆಲಸವನ್ನು ಹೊಂದಿಸಿಕೊಂಡರೆ ಒಂದೇ ಶ್ರಮದಲ್ಲಿ ಎರಡೂ ಆಗುತ್ತವೆ. ಹಳೆಯ ಎಣ್ಣೆಯನ್ನು ಇಳಿಸುವಾಗ ಕೆಳಗಿನ ಬಿರಡೆಯನ್ನು ನೋಡಿರಿ: ಅದರ ತುದಿಯಲ್ಲಿ ಅಯಸ್ಕಾಂತವುಂಟು. ಸಣ್ಣ ಬೂದಿಯಂತಹ ಉಕ್ಕಿನ ಪುಡಿ ಅಂಟಿದ್ದರೆ ಚಿಂತೆಯಿಲ್ಲ. ಚಕ್ಕೆಗಳು ಕಂಡರೆ ಗೇರುಗಳೇ ಸವೆಯುತ್ತಿವೆಯೆಂದರ್ಥ, ಆಗ ಸೀಲಿನ ವಿಚಾರವು ಗೌಣ. ಬಳಿಕ ಗೇರನ್ನು ನ್ಯೂಟ್ರಲಿನಲ್ಲಿಟ್ಟು, ಕಂಬಿಯನ್ನೂ ಅದರ ಹಿಂದಿನ ಜೋಡಣೆಯನ್ನೂ ಕೂಡಿಸುವ ಟೊಳ್ಳಾದ ಉಕ್ಕಿನ ಪಿನ್ನನ್ನು ಸರಿಯಳತೆಯ ಪಂಚಿನಿಂದ ಹೊರದೂಡಬೇಕು. ಇಕ್ಕಟ್ಟಿನಲ್ಲಿ ಸುತ್ತಿಗೆ ಬೀಸಲು ಎಡೆಯಿಲ್ಲದೆ, ತುಕ್ಕು ಹಿಡಿದ ಪಿನ್ನು ಮಿಸುಕದೆ, ಸಾಧುಗಳಿಗೂ ಕೋಪ ಬರುವುದು ಇಲ್ಲಿಯೇ. ತುಕ್ಕು ಸಡಿಲಿಸುವ ತೆಳುವಾದ ಎಣ್ಣೆಯನ್ನು ಹಿಂದಿನ ರಾತ್ರಿಯೇ ಬಿಟ್ಟಿದ್ದರೆ ಅರ್ಧ ಕೆಲಸ ಆದಂತೆಯೇ.

ಜೋಡಣೆ ಕಳಚಿದ ಮೇಲೆ ಕಂಬಿಯನ್ನು ಅನಾವಶ್ಯಕವಾಗಿ ತಿರುಗಿಸಕೂಡದು, ಎಳೆಯಕೂಡದು. ಹಳೆಯ ಸೀಲನ್ನು ಮೀಟುವಾಗ ಸುತ್ತಲಿನ ಅಲ್ಯೂಮಿನಿಯಮ್ಮಿನ ಕವಚಕ್ಕೆ ಗೀರು ಬಿದ್ದರೆ ಹೊಸ ಸೀಲಿನ ಹೊರಗಿನಿಂದಲೇ ಎಣ್ಣೆ ಜಿನುಗುವುದು. ಸೀಲಿನ ಮೈಗೆ ಸಣ್ಣ ತಿರುಪುಮೊಳೆಯೊಂದನ್ನು ಸ್ವಲ್ಪವೇ ಬಿಗಿದು, ಇಕ್ಕಳದಿಂದ ಎಳೆಯುವುದು ಮೃದುವಾದ ಉಪಾಯ. ಕಂಬಿಯ ಮೈಯನ್ನು ಬೆರಳಿನಿಂದ ತಡವಿ ನೋಡಬೇಕು. ತುಕ್ಕಿನ ಕುಳಿಗಳಿದ್ದರೆ ಅತಿ ನುಣ್ಣನೆಯ ಎಮರಿ ಕಾಗದದಿಂದ ತೀಡತಕ್ಕದ್ದು. ಕಂಬಿಯು ತನ್ನ ರಂಧ್ರದಲ್ಲಿ ಅತ್ತಿತ್ತ ಅಲ್ಲಾಡುವಷ್ಟು ಸವೆದಿದ್ದರೆ ಯಾವ ಸೀಲೂ ಬಹುಕಾಲ ನಿಲ್ಲದು. ಹೊಸ ಸೀಲನ್ನು ತೊಡಿಸುವ ಮುನ್ನ ಕಂಬಿಯ ತುದಿಗೆ ತೆಳುವಾದ ಅಂಟುಪಟ್ಟಿಯನ್ನು ಸುತ್ತಿ ಪಿನ್ನಿನ ರಂಧ್ರದ ಹರಿತವಾದ ಅಂಚನ್ನು ಮರೆಮಾಡಬೇಕು. ಇಲ್ಲವಾದರೆ ತುಟಿಯು ಆಗಲೇ ಸೀಳಿಹೋಗುತ್ತದೆ. ತುಟಿಗೆ ಗ್ರೀಸು ಸವರಿ, ಸುರುಳಿತಂತಿಯಿರುವ ಮುಖವು ಎಣ್ಣೆಯ ಕಡೆಗಿರುವಂತೆ ಹಿಡಿದು, ಸೀಲಿನ ಅಗಲಕ್ಕೆ ಸಮನಾದ ಕೊಳವೆಯೊಂದರಿಂದ ಓರೆಯಾಗದಂತೆ ಮೆಲ್ಲಮೆಲ್ಲನೆ ತಟ್ಟಿ ಕೂರಿಸಬೇಕು. ಪಿನ್ನೂ ಹೊಸದೇ ಇರಲಿ. ಬಿರಡೆಯ ಕೆಳಗಿನ ತಾಮ್ರದ ಬಿಲ್ಲೆಯೂ ಹಾಗೆಯೇ.

ಎಣ್ಣೆಯ ಜಾಡು ಡಿಫರೆನ್ಷಿಯಲ್ಲಿನ ಇಕ್ಕೆಲಗಳಿಂದ, ಎಂದರೆ ಚಕ್ರಗಳಿಗೆ ಹೋಗುವ ದಂಡಗಳ ಬುಡದಿಂದ, ಬಂದಿದ್ದರೆ ದಂಡಗಳನ್ನೇ ಕಳಚಬೇಕಾಗುತ್ತದೆ. ಕ್ಲಚ್ಚಿನ ಕವಚದಡಿಯ ಸಣ್ಣ ರಂಧ್ರದಿಂದ ಎಣ್ಣೆ ಹನಿಯುತ್ತ, ಏರಿನಲ್ಲಿ ಎಂಜಿನು ಕೂಗಿದರೂ ಗಾಡಿ ಮುಂದೆ ಹೋಗದಿದ್ದರೆ, ಒಳಗಿನ ಸೀಲು ಹೋಗಿ ಕ್ಲಚ್ಚು ನೆನೆದಿದೆ. ಇವೆರಡನ್ನೂ ಪಳಗಿದ ಕೈಗೆ ಒಪ್ಪಿಸುವುದು ಯುಕ್ತವೆಂದು ನಮ್ಮ ಅಭಿಪ್ರಾಯ.

ಹೊಸ ಸೀಲು ಕೂಡ ಕೆಲವೇ ವಾರಗಳಲ್ಲಿ ಸೋರಲಾರಂಭಿಸಿದರೆ ಸೀಲನ್ನು ಶಪಿಸಿ ಪ್ರಯೋಜನವಿಲ್ಲ. ಎಂಜಿನಿಗೆ ಉಸಿರಾಡುವ ಕೊಳವೆಯೊಂದುಂಟು. ಅದು ಜಿಡ್ಡಿನಿಂದ ಕಟ್ಟಿಕೊಂಡರೆ, ಆವಿ ಹೋಗಲು ದಾರಿಯಿಲ್ಲದ ಪಾತ್ರೆಯ ಮುಚ್ಚಳವು ಕುಣಿಯುವಂತೆ, ಒಳಗಿನ ಒತ್ತಡವು ಎಲ್ಲ ಸೀಲುಗಳನ್ನೂ ಮೀರಿ ಎಣ್ಣೆಯನ್ನು ಹೊರದಬ್ಬುತ್ತದೆ. ಕೊಳವೆಯನ್ನು ತೊಳೆಯುವುದಕ್ಕೆ ಖರ್ಚೇ ಇಲ್ಲ. ಎಣ್ಣೆಯನ್ನು ಗುರುತಿಗಿಂತ ಮೇಲೆ ತುಂಬುವುದೂ ಇಂತಹುದೇ ಫಲವನ್ನು ಕೊಡುವುದು. ಅಳತೆಕೋಲಿನ ಮೇಲ್ಗೆರೆಯನ್ನು ಎಣ್ಣೆಯು ದಾಟಬಾರದು.

ಇಳಿಸಿದ ಕಪ್ಪೆಣ್ಣೆಯನ್ನು ಚರಂಡಿಗಾಗಲಿ ಗಿಡದ ಬುಡಕ್ಕಾಗಲಿ ಸುರಿಯದೆ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿ, ಹಳೆಯ ಎಣ್ಣೆಯನ್ನು ಸಂಗ್ರಹಿಸುವವರಿಗೆ ಕೊಡತಕ್ಕದ್ದು. ಅದು ಚರ್ಮಕ್ಕೂ ಒಳ್ಳೆಯದಲ್ಲವಾದುದರಿಂದ ಕೈಗವುಸು ಹಾಕಿಕೊಂಡೇ ಕೆಲಸ ಮಾಡಬೇಕು. ಮಕ್ಕಳ ಕೈಗೆ ಎಟುಕುವಲ್ಲಿ ಡಬ್ಬಿಯನ್ನು ಇಡಬಾರದು. ಬಿಳಿಯ ರಟ್ಟನ್ನು ಮಾತ್ರ ಇನ್ನೊಂದು ವಾರ ಗಾಡಿಯಡಿಯಲ್ಲಿಯೇ ಬಿಟ್ಟಿರಿ.