ಮಳೆ ಕಮ್ಮಿ, ಮಂದಿ ಜಾಸ್ತಿ

ಮಳೆ ಹೆಚ್ಚು ಬೀಳುವಲ್ಲೇ ಮಂದಿಯೂ ಹೆಚ್ಚು ಎಂದುಕೊಂಡವರು 2011ರ ಜನಗಣತಿಯನ್ನು ಒಮ್ಮೆ ತೆರೆಯಬೇಕು. ಕರ್ನಾಟಕದಲ್ಲಿ ಜನ ಅತಿ ವಿರಳವಾಗಿರುವ ಜಿಲ್ಲೆ ಕೊಡಗು. ಚದರ ಕಿಲೋಮೀಟರಿಗೆ 135 ಮಂದಿ. ಅದರ ಹಿಂದೆಯೇ ಉತ್ತರ ಕನ್ನಡ, 140. ಬರಕ್ಕೆ ಹೆಸರಾದ ರಾಯಚೂರಿನಲ್ಲಿ 228. ಬೆಂಗಳೂರು ನಗರ ಜಿಲ್ಲೆಯಲ್ಲಿ 4,381!

ಮಲೆನಾಡಿನ ಗುಡ್ಡ, ಕಾಡು, ಹಿಂದಿನವರನ್ನು ಹಣ್ಣು ಮಾಡಿದ ಮಲೇರಿಯಾ ಊರುಗಳನ್ನು ಬೆಳೆಯಗೊಡಲಿಲ್ಲ. ಬಯಲುಸೀಮೆಯಲ್ಲಿ ರಾಗಿ, ಜೋಳ, ಕುರಿ ಮತ್ತು ಕೆರೆ ಸೇರಿ ಬದುಕು ನಡೆಸಿದವು. ಬಿಸಿಲು, ಗಾಳಿ ಹೀರಬಲ್ಲ ನೀರಿನ ಶೇ 65ರಷ್ಟೂ ಮಳೆ ಸುರಿಯದ ಸೀಮೆಯನ್ನು ತಜ್ಞರು ಒಣಭೂಮಿ ಎನ್ನುತ್ತಾರೆ. 2024ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಕೊಟ್ಟ ಲೆಕ್ಕದಂತೆ, ಅಂಟಾರ್ಕ್ಟಿಕಾ ಬಿಟ್ಟು ಉಳಿದ ನೆಲದಲ್ಲಿ ಶೇ 40.6 ಇಂಥದ್ದು, ಅಲ್ಲಿರುವವರು 230 ಕೋಟಿ. ಮರುಭೂಮಿ, ಒಂಟೆ ಎಂದೆಲ್ಲ ಕಲ್ಪಿಸಿಕೊಳ್ಳಬೇಡಿ; ಅವರಲ್ಲಿ ಎಷ್ಟೋ ಜನ ಇರುವುದು ನಮ್ಮಂಥ ಅರೆಶುಷ್ಕ ಬಯಲುಗಳಲ್ಲಿ.

ಬೆಂಗಳೂರು ಇರುವುದೂ ಈ ಒಣಸೀಮೆಯ ಅಂಚಿನಲ್ಲೇ. 1949ರಲ್ಲಿ ರಾಜಾಜಿನಗರಕ್ಕೆ ಅಡಿಗಲ್ಲು ಬಿದ್ದಾಗ ನಗರ ನೆಚ್ಚಿಕೊಂಡಿದ್ದು ಅರ್ಕಾವತಿಯ ಹೆಸರಘಟ್ಟ, ತಿಪ್ಪಗೊಂಡನಹಳ್ಳಿಗಳನ್ನು. 1974ರಲ್ಲಿ ಕಾವೇರಿ ಬಂತು. ವಿಜಯನಗರ, ಬಸವೇಶ್ವರನಗರಗಳು ಮಹಡಿಯ ಮೇಲೆ ಮಹಡಿ ಏರಿಸಿದ್ದು ಆ ಪೈಪಿನ ಧೈರ್ಯದಲ್ಲಿ. ಸುಮಾರು ನೂರು ಕಿಲೋಮೀಟರ್ ದೂರದಿಂದ ಮೂರು ಕಡೆ ಪಂಪ್ ಮಾಡಿ ನೀರನ್ನು ಮೇಲಕ್ಕೆತ್ತುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತವೊಂದರದ್ದೇ ದಿನಕ್ಕೆ 77.5 ಕೋಟಿ ಲೀಟರ್. ಜನ ಅತಿ ಕಡಿಮೆ ಇರುವ ಜಿಲ್ಲೆಯಲ್ಲಿ ಹುಟ್ಟಿದ ನದಿ ಅತಿ ಕಿಕ್ಕಿರಿದ ಜಿಲ್ಲೆಯ ಸಂಪು ತುಂಬುತ್ತಿದೆ. ಬಳಸಿ ಬಿಟ್ಟ ಆ ನೀರೇ ಕೆಂಗೇರಿಯಲ್ಲಿ ವೃಷಭಾವತಿಯಾಗಿ ಕಡುಬೇಸಿಗೆಯಲ್ಲೂ ನೊರೆಗಟ್ಟಿ ಹರಿಯುತ್ತದೆ, ಬೈರಮಂಗಲ ಕೆರೆ ದಾಟಿ, ಅರ್ಕಾವತಿ ಸೇರಿ, ಮತ್ತೆ ಕಾವೇರಿಗೆ. ಒಣನಾಡಿನ ಹೊಳೆಗೆ ಎಂಥ ಭಾಗ್ಯ!

ದೇವದುರ್ಗ, ಲಿಂಗಸುಗೂರು, ಯಾದಗಿರಿ ಕಡೆಯಿಂದ ಗುಳೆ ಬರುವವರು ಹಾಗಾಗಿ ಒಣನೆಲ ಬಿಟ್ಟು ಹಸಿನೆಲಕ್ಕೆ ಬರುವವರಲ್ಲ. ಇಲ್ಲಿ ಮಳೆ ಒಂದಿಷ್ಟು ಹೆಚ್ಚಿರಬಹುದು. ಅವರನ್ನು ಎಳೆಯುವುದು ಕೂಲಿ, ಆ ಕೂಲಿ ಹುಟ್ಟುವುದು ಪಂಪಿನ ನೀರಿನ ಮೇಲೆ ಎದ್ದ ಕಟ್ಟಡಗಳಲ್ಲಿ. ಬರ ಬಂದಾಗಲೆಲ್ಲ ಆಕಾಶದತ್ತ ಬೆರಳು ತೋರುವ ಮಂತ್ರಿಗಳಿಗೆ ಈ ಲೆಕ್ಕ ಗೊತ್ತಿಲ್ಲವೆಂದು ನನಗನಿಸುವುದಿಲ್ಲ. ಗುಳೆ ಬಂದವರ ತಗಡಿನ ಶೆಡ್‌ಗಳಿಗೆ ಮಾತ್ರ ಕಾವೇರಿ ಕನೆಕ್ಷನ್ ಅಪರೂಪ. ಬೋರ್‌ವೆಲ್ ಬತ್ತಿದರೆ ಟ್ಯಾಂಕರೇ ಗತಿ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಲೆಕ್ಕದ ದಿನ. ಹಿಂಗಾರಿನ ಸುಗ್ಗಿ ಮುಗಿದು ಗುಳೆ ಹೋದವರ ಊರುಗಳಲ್ಲಿ ಎಷ್ಟೋ ಮನೆಗಳಿಗೆ ಬೀಗ ಬಿದ್ದಿರುವ ಹೊತ್ತದು. ಕೆಂಗೇರಿಯ ಆಚೀಚೆ ಎಣಿಕೆಗೆ ಹೋಗುವವರು ಅಪಾರ್ಟ್‌ಮೆಂಟಿನ ಗೇಟಿನಲ್ಲೇ ನಿಲ್ಲದೆ ಅದರ ಹಿಂದಿನ ಶೆಡ್‌ಗಳಿಗೂ ಹೋಗಲಿ. ಅಲ್ಲಿ ಬರೆದುಕೊಳ್ಳದಿದ್ದರೆ ಗುಳೆ ಬಂದ ಕುಟುಂಬ ಊರಿನ ಲೆಕ್ಕದಲ್ಲೂ ಇಲ್ಲ, ಬೆಂಗಳೂರಿನ ನೀರಿನ ಲೆಕ್ಕದಲ್ಲೂ ಇಲ್ಲ.