ಮಗುವಿನ ಕಾಯಿಲೆ ಹೆತ್ತವರ ಅಪರಾಧವೇ?

ರಕ್ತದ ಕ್ಯಾನ್ಸರ್ ತಗಲಿದ ಮಗುವಿಗೆ ಸಾಮಾನ್ಯವಾಗಿ ಎರಡರಿಂದ ಎರಡೂವರೆ ವರ್ಷ ಚಿಕಿತ್ಸೆ ಬೇಕು. ತೀವ್ರ ಥಲಸ್ಸೀಮಿಯಾ ಇದ್ದರೆ ಎರಡರಿಂದ ನಾಲ್ಕು ವಾರಗಳಿಗೊಮ್ಮೆ ರಕ್ತ ಕೊಡಿಸಬೇಕು. ಅಂಥ ಮಗುವನ್ನು ಹೆಗಲ ಮೇಲೆ ಹೊತ್ತು ಬೆಂಗಳೂರಿನ ಆಸ್ಪತ್ರೆಗಳಿಗೆ ಅಲೆಯುವವರು ಯಾರು? ಗಾರ್ಮೆಂಟ್ಸ್‌ನಲ್ಲಿ ಹೊಲಿಯುವ ತಾಯಿ, ಅಂಗಡಿಯಲ್ಲಿ ಲೆಕ್ಕ ಬರೆಯುವ ತಂದೆ. ಹತ್ತು ದಿನ ಕಳೆಯುವಷ್ಟರಲ್ಲಿ ಮಾಲಕನ ಪ್ರಶ್ನೆ ಬರುತ್ತದೆ: "ನಾಳೆ ಬರುತ್ತೀಯಾ, ಬೇರೆಯವರನ್ನು ನೋಡಿಕೊಳ್ಳಲಾ?"

2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಭರವಸೆ ನೀಡಿತು. ಇದನ್ನು ನಾವು ಸ್ವಾಗತಿಸುತ್ತೇವೆ. ಆದರೆ ಔಷಧಿಯ ಬಿಲ್ಲು ಸರಕಾರ ಕಟ್ಟಿದ ಮಾತ್ರಕ್ಕೆ ಮನೆಯ ಒಲೆ ಉರಿಯುತ್ತದೆಯೇ?

ಈ ಸಂಕಟ ಕಾನೂನು ಮಾಡುವವರಿಗೆ ಗೊತ್ತಿಲ್ಲವೆಂದೇನಲ್ಲ. ಕೇಂದ್ರ ಸರಕಾರವು ತನ್ನ ಮಹಿಳಾ ನೌಕರರಿಗೆ 2008ರಲ್ಲೇ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಕೊಟ್ಟಿತು. 2018ರಲ್ಲಿ ಒಂಟಿ ತಂದೆಗೂ ವಿಸ್ತರಿಸಿತು. ಕರ್ನಾಟಕ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳು ಕೊಟ್ಟಿತು. ಆನುವಂಶಿಕ ಕಾಯಿಲೆಯ ಮಗನನ್ನು ಸಾಕುತ್ತಿದ್ದ ಹಿಮಾಚಲದ ಸರಕಾರಿ ಕಾಲೇಜು ಅಧ್ಯಾಪಕಿಯೊಬ್ಬರ ಪ್ರಕರಣದಲ್ಲಿ 2024ರಲ್ಲಿ ಸುಪ್ರೀಂ ಕೋರ್ಟು, ಮಹಿಳೆಯರು ದುಡಿಮೆಯಲ್ಲಿ ಭಾಗವಹಿಸುವುದು ಯಾರದೋ ಔದಾರ್ಯವಲ್ಲ, ಸಂವಿಧಾನದ ಅಗತ್ಯ ಎಂದಿತು. ಹಾಗಾದರೆ ಖಾಸಗಿಯಲ್ಲಿ ದುಡಿಯುವವಳ ಮಗು ಮಗುವಲ್ಲವೇ?

ಕಾಯಿಲೆಯ ಸೌಲಭ್ಯ ಪಡೆಯುತ್ತಿರುವ ಕಾರ್ಮಿಕನನ್ನು ಆ ಅವಧಿಯಲ್ಲಿ ಕೆಲಸದಿಂದ ತೆಗೆಯಕೂಡದೆಂದು 1948ರ ಇಎಸ್‌ಐ ಕಾಯ್ದೆಯೇ ಹೇಳಿತ್ತು. ತನ್ನ ಮೈಗೆ ಬಂದರೆ ಕಾಯಿಲೆ, ಕರುಳ ಕುಡಿಗೆ ಬಂದರೆ ಬರೀ ಗೈರುಹಾಜರಿ. ಇದೆಂಥ ನ್ಯಾಯ? 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. 29 ಹಳೆಯ ಕಾನೂನುಗಳನ್ನು ಕಲಸಿ ಹೊಸದು ಮಾಡಿದವರಿಗೆ ಈ ಅನ್ಯಾಯ ಸರಿಪಡಿಸುವ ಅವಕಾಶವಿತ್ತು. ಅವರು ಅದನ್ನು ಕೈಚೆಲ್ಲಿದರು.

ಸಣ್ಣ ಉದ್ದಿಮೆಗೆ ಇದು ಹೊರೆಯಾಗದೇ ಎಂಬ ಪ್ರಶ್ನೆ ಬರುತ್ತದೆ. ಸಂಬಳದ ಹೊರೆಯನ್ನೆಲ್ಲ ಒಬ್ಬ ಮಾಲಕನ ತಲೆಗೆ ಕಟ್ಟಿ ಎಂದು ನಾವು ಹೇಳುತ್ತಿಲ್ಲ. ಇಎಸ್‌ಐ ಮಾದರಿಯಲ್ಲಿ ವಂತಿಗೆಯ ನಿಧಿಯಿಂದ ಒಂದು ಪಾಲನ್ನಾದರೂ ಕೊಡಬಹುದು. ಮಾಲಕ ಮಾಡಬೇಕಾದದ್ದು ಇಷ್ಟೇ: ವೈದ್ಯರ ಪ್ರಮಾಣಪತ್ರ ಇರುವವರೆಗೆ ಆ ಕೆಲಸವನ್ನು ಕಾದಿರಿಸಬೇಕು. ತಾಯಿಗೆ ಮಾತ್ರವಲ್ಲ, ತಂದೆಗೂ.

ಮಗುವಿನ ತಲೆದೆಸೆಯಲ್ಲಿ ಕುಳಿತವರು ನಾಳಿನ ಅನ್ನಕ್ಕಾಗಿ ಬಾಗಿಲ ಕಡೆಗೆ ನೋಡುವಂತಾಗಬಾರದು. ನಾವು ಕೇಳುತ್ತಿರುವುದು ಕನಿಕರವನ್ನಲ್ಲ, ಕಾನೂನನ್ನು.